ತಂದೆಯ ಶಿಕ್ಷೆ

ಕನ್ನಡದಲ್ಲಿ ನಾವು ದಿನವೂ ಬಳಸುವ ಎರಡು ಮಾತುಗಳುಂಟು: ಶಿಕ್ಷಣ ಮತ್ತು ಶಿಕ್ಷೆ. ಮೊದಲನೆಯದು ಪಾಠಶಾಲೆಗೆ ಸೇರಿದ್ದು; ಎರಡನೆಯದು ನ್ಯಾಯಸ್ಥಾನಕ್ಕೆ ಸೇರಿದ್ದು. ಮಗನಿಗೆ ಶಿಕ್ಷಣವಾಯಿತೆಂದರೆ ತಾಯಿ ಹಿಗ್ಗುತ್ತಾಳೆ. ಶಿಕ್ಷೆಯಾಯಿತೆಂದರೆ ಎದೆ ಬಡಿದುಕೊಳ್ಳುತ್ತಾಳೆ. ಹೀಗಿದ್ದರೂ ಇವೆರಡು ಒಂದೇ ಧಾತುವಿನಿಂದ ಹುಟ್ಟಿದ ಅಕ್ಕತಂಗಿಯರು. ಧಾತುಪಾಠದಲ್ಲಿ ‘ಶಿಕ್ಷ್’ ಎಂಬುದಕ್ಕೆ ವಿದ್ಯೆಯನ್ನು ಪಡೆಯುವುದೆಂಬ ಅರ್ಥವನ್ನು ಹೇಳಿದೆ. ಅರ್ವಾಚೀನ ಭಾಷಾಶಾಸ್ತ್ರಜ್ಞರು ಇದನ್ನು ‘ಶಕ್’, ಅಂದರೆ ಸಮರ್ಥನಾಗು, ಎಂಬ ಧಾತುವಿನ ಇಚ್ಛಾರ್ಥಕ ರೂಪವೆಂದು ನಿರ್ಣಯಿಸಿರುತ್ತಾರೆ. ಆ ಪ್ರಕಾರ ಶಿಕ್ಷೆಯೆಂದರೆ ಸಮರ್ಥನಾಗಬೇಕೆಂಬ ಬಯಕೆ. ಆರು ವೇದಾಂಗಗಳಲ್ಲಿ ಮೊದಲನೆಯದಕ್ಕೆ ಶಿಕ್ಷಾ ಎಂದೇ ಹೆಸರು. ಅಲ್ಲಿ ಬೆತ್ತದ ಮಾತಿಲ್ಲ, ಸ್ವರವರ್ಣಗಳ ಉಚ್ಚಾರಣೆಯ ಮಾತಿದೆ. ಬೆತ್ತವು ಈ ಶಬ್ದದೊಳಕ್ಕೆ ತರುವಾಯ ಬಂದು ಸೇರಿಕೊಂಡಿತು.

ಸಂಸ್ಕೃತ ಮೂಲದ ಈ ಮಾತಿಗೆ ಆದ ಗತಿಯೇ ಪಶ್ಚಿಮದ ಎರಡು ಪ್ರಾಚೀನ ಭಾಷೆಗಳ ಮಾತುಗಳಿಗೂ ಆಗಿರುವುದು ಸೋಜಿಗವಾಗಿದೆ. ಇಬ್ರಿಯ ಭಾಷೆಯ ‘ಮೂಸಾರ್’ ಎಂಬ ಶಬ್ದಕ್ಕೆ ಉಪದೇಶವೆಂದೂ ದಂಡನೆಯೆಂದೂ ಎರಡರ್ಥ. ಗ್ರೀಕರ ‘ಪೈದೇಯಾ’ ಎಂಬುದು ಮಗು ಎಂಬರ್ಥದ ‘ಪೈಸ್’ ಶಬ್ದದಿಂದ ಬಂದುದು. ಮಗುವನ್ನು ಬೆಳೆಸಿ ಮನುಷ್ಯನನ್ನಾಗಿ ಮಾಡುವ ಸಮಸ್ತ ವ್ಯವಹಾರಕ್ಕೂ ಅದು ಹೆಸರು. ಕ್ರೈಸ್ತರ ಹೊಸ ಒಡಂಬಡಿಕೆಯಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆಯೆಂಬುದೊಂದುಂಟು. ಅದರ ಹನ್ನೆರಡನೆಯ ಅಧ್ಯಾಯದಲ್ಲಿ, ದೇವರು ತನ್ನ ಮಕ್ಕಳನ್ನು ಶಿಕ್ಷಿಸುತ್ತಾನೆಂದು ಹೇಳುವೆಡೆಯಲ್ಲಿ, ಈ ಪೈದೇಯಾ ಶಬ್ದವೇ ಮರಳಿ ಮರಳಿ ಬರುತ್ತದೆ. ನ್ಯಾಯಾಧೀಶನು ಅಪರಾಧಿಗೆ ಕೊಡುವುದು ಇದಲ್ಲ; ತಂದೆಯು ಮಗನಿಗೆ ಕೊಡುವುದು ಇದು.

ಆ ಪತ್ರಿಕೆಯನ್ನು ಓದಬೇಕಾಗಿದ್ದ ಜನರು ಸುಖದಲ್ಲಿರಲಿಲ್ಲ. ತಮ್ಮ ನಂಬಿಕೆಯ ದೆಸೆಯಿಂದ ಅವರು ನಿಂದೆಗೆ ಗುರಿಯಾಗಿದ್ದರು, ಸೊತ್ತು ಸುಲಿಗೆಯಾಗಿತ್ತು, ಅವರಲ್ಲಿ ಕೆಲವರು ಸೆರೆಯಲ್ಲಿದ್ದರು. ಅಂಥವರಿಗೆ ಬರೆದಾತನು, ಈ ಶಿಕ್ಷೆಯು ನಡೆಯುತ್ತಿರುವಾಗ ಯಾರಿಗೂ ಹಿತವೆನಿಸುವುದಿಲ್ಲವೆಂದು ಮೊದಲು ಒಪ್ಪಿಕೊಳ್ಳುತ್ತಾನೆ. ಫಲವು ಆಮೇಲೆ ಬರುತ್ತದೆ; ಅದೂ ಅದರಿಂದ ಪಳಗಿದವರಿಗೆ ಮಾತ್ರ ಬರುತ್ತದೆ ಎನ್ನುತ್ತಾನೆ. ಪಳಗಿದವರು ಎಂಬುದಕ್ಕೆ ಆತನು ಬಳಸಿದ ಗ್ರೀಕ್ ಮಾತು ಗರಡಿಯ ಸಾಧನೆಗೆ ಸಂಬಂಧಪಟ್ಟದ್ದು. ನಮ್ಮಲ್ಲಿಯೂ ‘ಇಂಥವರ ಗರಡಿಯಲ್ಲಿ ಪಳಗಿದವನು’ ಎನ್ನುವುದುಂಟಷ್ಟೆ. ತಾಳ್ಮೆಯೆಂಬುದಕ್ಕೆ ಅಲ್ಲಿರುವ ಶಬ್ದವನ್ನು ಬಿಡಿಸಿದರೆ ‘ಕೆಳಗೆ ನಿಲ್ಲುವುದು’ ಎಂದಾಗುತ್ತದೆ. ಹೊರೆಯ ಕೆಳಗಿನಿಂದ ಓಡಿಹೋಗದೆ ನಿಲ್ಲುವುದು.

ಶಬ್ದಾರ್ಥವು ಇಷ್ಟು ಸ್ಪಷ್ಟವಾಗಿದ್ದರೂ, ಒಂದು ಮನೆಯಲ್ಲಿ ಸಾವು ಸಂಭವಿಸಿದಾಗ, ದುಡಿಯುವ ಕೈ ಬಿದ್ದುಹೋದಾಗ, ಈ ಉಪದೇಶವು ಸಾಂತ್ವನವಾಗುವುದೋ ಅಥವಾ ಗಾಯದ ಮೇಲೆ ಉಪ್ಪಾಗುವುದೋ? ಈ ಪ್ರಶ್ನೆಗೆ ಉತ್ತರವನ್ನು ವ್ಯಾಕರಣದಲ್ಲಿ ಹುಡುಕಿದರೆ ಸಾಲದು. ಒಂದು ಜೀವಿತದಲ್ಲಿ ಹುಡುಕಬೇಕು. ನಮ್ಮ ನಾಡಿನ ಬೆಟ್ಟದಲ್ಲಿಯೇ ಹುಟ್ಟಿ, ಸಂಸ್ಕೃತದಲ್ಲಿ ಬೆಳೆದು, ಕ್ರಿಸ್ತನಲ್ಲಿ ಕೊನೆಯವರೆಗೂ ನಿಂತ ಪಂಡಿತಾ ರಮಾಬಾಯಿಯವರ ಜೀವಿತವನ್ನು ಇದಕ್ಕಾಗಿ ಆರಿಸಿಕೊಂಡಿದ್ದೇವೆ.

ತುಂಗೆ, ಭದ್ರೆ, ನೇತ್ರಾವತಿಗಳ ಉಗಮಸ್ಥಾನವೆಂದು ಹೆಸರಾದ ಗಂಗಾಮೂಲದ ಕಾಡಿನಲ್ಲಿ ೧೮೫೮ನೆಯ ಇಸವಿ ಏಪ್ರಿಲ್ ೨೩ರಂದು ಈಕೆಯ ಜನನವಾಯಿತು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು, ತಾಯಿ ಲಕ್ಷ್ಮೀಬಾಯಿ. ಹೆಂಗಸರಿಗೆ ಸಂಸ್ಕೃತವನ್ನು ಕಲಿಸಬಾರದೆಂಬುದು ಆ ಕಾಲದ ಶಿಷ್ಟರ ಮತವಾಗಿತ್ತು. ಶಾಸ್ತ್ರಿಗಳು ತಮ್ಮ ಪತ್ನಿಗೆ ಅದನ್ನು ಕಲಿಸಿ, ಅದಕ್ಕಾಗಿ ಉಡುಪಿಯ ಪಂಡಿತರ ಮುಂದೆ ಸಮಾಧಾನ ಹೇಳಬೇಕಾಗಿ ಬಂದಿತು. ಕೂಸು ಆರು ತಿಂಗಳಿನದಾಗಿದ್ದಾಗ ಮನೆಯವರು ಬೆಟ್ಟವನ್ನು ಬಿಟ್ಟು ತೀರ್ಥಯಾತ್ರೆಗೆ ಹೊರಟರು. ಬೆತ್ತದ ಪೆಟ್ಟಿಗೆಯೊಂದರಲ್ಲಿ ಮಲಗಿಸಿ ಈ ಮಗುವನ್ನು ಘಟ್ಟ ಇಳಿಸಿದರು. ಆ ಬಳಿಕ ಆ ಕುಟುಂಬಕ್ಕೆ ನೆಲೆಯೆಂಬುದು ಇರಲಿಲ್ಲ. ಊರೂರಿನ ದೇವಾಲಯಗಳಲ್ಲಿ ಪುರಾಣ ಹೇಳುವುದು, ಬಂದುದರಲ್ಲಿ ಜೀವಿಸುವುದು, ಮುಂದಕ್ಕೆ ನಡೆಯುವುದು. ತಾಯಿಯ ಬಾಯಿಂದಲೇ ಪಾಠವಾಗಿ, ಬಾಲಕಿಗೆ ಸಾವಿರಾರು ಶ್ಲೋಕಗಳು ಕಂಠಸ್ಥವಾದವು.

೧೮೭೪ರ ಸುಮಾರಿಗೆ ಕ್ಷಾಮ ಬಂದಿತು. ಕೈಯಲ್ಲಿದ್ದ ಹಣ ತೀರಿತು; ಪಾತ್ರೆಪಡಗ, ಒಡವೆವಸ್ತುಗಳು ಹೋದವು. ಉಚ್ಚಕುಲದ ಅಭಿಮಾನವು ಕೂಲಿಗೆ ಹೋಗಗೊಡಲಿಲ್ಲ. ಭಿಕ್ಷೆಯನ್ನು ಬಾಯಿಬಿಟ್ಟು ಬೇಡಗೊಡಲಿಲ್ಲ. ಕಣ್ಣು ಕಾಣದಂತಾಗಿದ್ದ ವೃದ್ಧ ತಂದೆ ಮೊದಲು ಗತಿಸಿದರು. ಕೊನೆಗಾಲದಲ್ಲಿ ಆತನು ಕಿರಿಯ ಮಗಳನ್ನು ಹತ್ತಿರ ಕರೆದು, ‘ನಿನ್ನನ್ನು ದೇವರ ಕೈಗೆ ಒಪ್ಪಿಸಿದ್ದೇನೆ, ಆತನನ್ನೇ ಸೇವಿಸು’ ಎಂಬರ್ಥದ ಮಾತನ್ನು ಹೇಳಿದರೆಂದು ರಮಾಬಾಯಿಯವರು ಮುಂದೆ ಬರೆದಿಟ್ಟಿದ್ದಾರೆ. ಕೆಲವು ವಾರಗಳಲ್ಲಿ ತಾಯಿಯೂ ಹೊರಟುಹೋದರು. ಶವವನ್ನು ಹೊರಲು ನಾಲ್ಕು ಜನ ಸಿಕ್ಕಲಿಲ್ಲ. ಕರುಣೆಯಿಂದ ಬಂದ ಇಬ್ಬರು ಬ್ರಾಹ್ಮಣರೊಡನೆ ಅಣ್ಣ ಶ್ರೀನಿವಾಸನು ಮೂರನೆಯವನಾಗಿ, ಮಗಳು ನಾಲ್ಕನೆಯವಳಾಗಿ ಹೆಗಲು ಕೊಡಬೇಕಾಯಿತು. ಆಕೆ ಕುಳ್ಳಾಗಿದ್ದುದರಿಂದ ಹೆಗಲು ನಿಲುಕದೆ ತನ್ನ ಪಾಲಿನ ಭಾರವನ್ನು ತಲೆಯ ಮೇಲೆ ಹೊತ್ತಳು. ಸ್ವಲ್ಪ ಕಾಲದಲ್ಲಿಯೇ ಅಕ್ಕನೂ ತೀರಿಕೊಂಡಳು.

ಉಳಿದ ಅಣ್ಣತಂಗಿಯರು ಬರಿಗಾಲಿನಲ್ಲಿ ದೇಶವನ್ನು ಸುತ್ತಿದರು. ನೀರಿನಲ್ಲಿ ನೆನೆಸಿದ ಹಿಡಿ ಕಾಳು ಎಷ್ಟೋ ದಿನ ಅವರ ಊಟವಾಯಿತು. ಪಂಜಾಬಿನ ಝೀಲಂ ನದಿಯ ದಡದಲ್ಲಿ ಒಂದು ರಾತ್ರಿ, ಹೊದೆಯಲು ಕಂಬಳಿಯಿಲ್ಲದೆ, ಗೋರಿಯಂಥ ಎರಡು ಗುಂಡಿಗಳನ್ನು ತೋಡಿ ಅದರೊಳಗೆ ಮಲಗಿ, ತಲೆಯನ್ನು ಮಾತ್ರ ಹೊರಗೆ ಬಿಟ್ಟು ಮೈಮೇಲೆ ಒಣ ಮರಳನ್ನು ಎಳೆದುಕೊಂಡು ಚಳಿಯನ್ನು ಕಳೆದರು. ೧೮೭೮ರಲ್ಲಿ ಕಲಕತ್ತೆಗೆ ಬಂದಾಗ ಅಲ್ಲಿಯ ವಿದ್ವಾಂಸರು ಆಕೆಯ ಸಂಸ್ಕೃತಕ್ಕೆ ಬೆರಗಾಗಿ ‘ಪಂಡಿತಾ’ ಎಂದೂ ‘ಸರಸ್ವತೀ’ ಎಂದೂ ಬಿರುದುಗಳನ್ನು ಕೊಟ್ಟರು. ಬಿರುದು ಬಂದು ಎರಡು ವರ್ಷವಾಗುವಷ್ಟರಲ್ಲಿ ಅಣ್ಣನು ಢಾಕಾದಲ್ಲಿ ತೀರಿಹೋದನು. ಅದೇ ವರ್ಷ ರಮಾಬಾಯಿಯವರು ಬಿಪಿನ್ ಬಿಹಾರಿ ಮೇಧಾವಿ ಎಂಬ ವಂಗದೇಶದ ವಕೀಲರನ್ನು, ಜಾತಿಯ ಕಟ್ಟನ್ನು ದಾಟಿ, ವಿವಾಹವಾದರು. ೧೮೮೧ರಲ್ಲಿ ಮಗಳು ಮನೋರಮೆ ಹುಟ್ಟಿದಳು. ೧೮೮೨ನೆಯ ಫೆಬ್ರವರಿಯಲ್ಲಿ ಪತಿಯು ಕಾಲರಾ ಬೇನೆಗೆ ತುತ್ತಾದರು. ಹೀಗೆ ಎಂಟು ವರ್ಷಗಳೊಳಗೆ ಐದು ಸಾವುಗಳನ್ನು ಕಂಡು, ಇಪ್ಪತ್ತಮೂರರ ವಯಸ್ಸಿನಲ್ಲಿ, ಹಸುಗೂಸನ್ನೆತ್ತಿಕೊಂಡು ಆಕೆ ವಿಧವೆಯಾಗಿ ನಿಂತರು.

ಅಂದಿನ ಸಮಾಜವು ವಿಧವೆಗೆ ಕೊಡುತ್ತಿದ್ದ ಉತ್ತರವನ್ನು ವಾಚಕರು ಬಲ್ಲರು. ‘ಇದು ನಿನ್ನ ಪೂರ್ವಜನ್ಮದ ಪಾಪದ ಫಲ, ಅನುಭವಿಸು’ ಎಂಬುದೇ ಆ ಉತ್ತರ. ರಮಾಬಾಯಿಯವರು ಇದನ್ನು ಒಪ್ಪಲಿಲ್ಲ. ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ೧೮೮೨ರಲ್ಲಿ ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ಹೇಳಿ, ಸ್ತ್ರೀಯರಿಗೆ ಸ್ತ್ರೀ ಉಪಾಧ್ಯಾಯರೂ ಸ್ತ್ರೀ ವೈದ್ಯರೂ ಬೇಕೆಂದು ಕೇಳಿದರು. ತಾವೇ ವೈದ್ಯಶಾಸ್ತ್ರವನ್ನು ಓದಬೇಕೆಂದು ೧೮೮೩ರಲ್ಲಿ ಇಂಗ್ಲೆಂಡಿಗೆ ಹೋದರು. ಅಲ್ಲಿ ಹೆಚ್ಚುತ್ತ ಬಂದ ಕಿವುಡು ಆ ಆಸೆಯನ್ನು ಮುರಿಯಿತು. ಆದರೆ ಅಲ್ಲಿಯೇ ಮತ್ತೊಂದನ್ನು ಕಂಡರು. ದಾರಿ ತಪ್ಪಿದ ಹೆಂಗಸರನ್ನು ಕ್ರೈಸ್ತ ಸೋದರಿಯರು ಅಸಹ್ಯಪಡದೆ ಎತ್ತಿ ಆರೈಕೆ ಮಾಡುತ್ತಿದ್ದುದನ್ನು ಕಂಡರು. ಇವರಿಗೆ ಈ ಕರುಣೆ ಎಲ್ಲಿಂದ ಬಂತೆಂದು ವಿಚಾರಿಸಿದಾಗ, ಬಾವಿಯ ಬಳಿಯಲ್ಲಿ ಸಮಾರ್ಯದ ಹೆಂಗಸಿನೊಡನೆ ಯೇಸು ಮಾತನಾಡಿದ ಕಥೆಯನ್ನು ಅವರು ತೆರೆದು ತೋರಿಸಿದರು. ಆ ವರ್ಷದ ಸೆಪ್ಟೆಂಬರ್ ೨೯ರಂದು ವಾಂಟೇಜ್ ಎಂಬಲ್ಲಿ ತಾಯಿಮಗಳಿಗೆ ದೀಕ್ಷಾಸ್ನಾನವಾಯಿತು.

ದೀಕ್ಷಾಸ್ನಾನವಾದೊಡನೆ ಕಷ್ಟಗಳು ಮುಗಿದವೆಂದು ಯಾರೂ ಭಾವಿಸಬಾರದು. ಸ್ವದೇಶದಲ್ಲಿ ಪತ್ರಿಕೆಗಳು ಕಟುವಾಗಿ ನಿಂದಿಸಿದವು. ಇಂಗ್ಲೆಂಡಿನಲ್ಲಿ ಗುರುಸ್ಥಾನದಲ್ಲಿದ್ದವರೊಡನೆಯೂ ಆಕೆಗೆ ಮತತತ್ತ್ವಗಳ ವಿಷಯದಲ್ಲಿ ತೀವ್ರ ಚರ್ಚೆಗಳಾದವು. ಅಧಿಕಾರದಿಂದ ಹೇಳಿದುದನ್ನು ಬುದ್ಧಿಗೆ ಒಪ್ಪದೆ ನಂಬುವ ಸ್ವಭಾವ ಆಕೆಯದಲ್ಲ. ತಾವು ಮೊದಲು ಕ್ರೈಸ್ತ ಮತವನ್ನು ಮಾತ್ರ ಕಂಡುಕೊಂಡಿದ್ದೆವು, ಕ್ರಿಸ್ತನನ್ನು ಕಂಡುಕೊಂಡದ್ದು ಸುಮಾರು ಎಂಟು ವರ್ಷಗಳ ಮೇಲೆ ಎಂದು ಆಕೆ ೧೯೦೭ರಲ್ಲಿ ಪ್ರಕಟವಾದ ತಮ್ಮ ಆತ್ಮಸಾಕ್ಷ್ಯದಲ್ಲಿ ನಿಸ್ಸಂಕೋಚವಾಗಿ ತಿಳಿಸಿದ್ದಾರೆ. ವಿಶ್ವಾಸವೆಂಬುದು ಒಂದು ದಿನದ ಮದುವೆಯಂತಲ್ಲ, ಬಹುದಿನದ ಸಂಸಾರದಂತೆ ಎಂಬುದಕ್ಕೆ ಇದಕ್ಕಿಂತ ಪ್ರಮಾಣ ಬೇಕೆ?

ಅಮೇರಿಕೆಯಲ್ಲಿ ಸಹಾಯವನ್ನು ದೊರಕಿಸಿಕೊಂಡು ಹಿಂದಿರುಗಿ, ೧೮೮೯ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಬಂದಿತು. ೧೮೯೩ರಲ್ಲಿ ಸದನದ ಹುಡುಗಿಯರು ಕ್ರೈಸ್ತ ಮತಕ್ಕೆ ಒಲಿಯುತ್ತಿದ್ದಾರೆಂದು ಕೋಲಾಹಲವೆದ್ದಿತು. ರಾನಡೆ, ಭಂಡಾರಕರರಂಥ ಹಿತೈಷಿಗಳು ಸಲಹಾಮಂಡಲಿಯಿಂದ ಹಿಂದೆಗೆದರು. ಅನೇಕ ಪೋಷಕರು ತಮ್ಮ ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಅವರ ಭಯಕ್ಕೆ ಕಾರಣವಿರಲಿಲ್ಲವೆಂದು ನಾವು ಹೇಳಲಾರೆವು. ತಮ್ಮ ಮಕ್ಕಳು ತಮ್ಮ ಧರ್ಮದಲ್ಲಿಯೇ ಉಳಿಯಬೇಕೆಂಬ ಹಂಬಲ ಎಲ್ಲರಿಗೂ ಸಹಜ. ಆದರೆ ಹತ್ತು ವರ್ಷಗಳ ಕನಸು ಕಣ್ಣೆದುರಿಗೆ ಬರಿದಾಗುತ್ತಿದ್ದುದನ್ನು ನೋಡಿದವರ ಸಂಕಟವೂ ಅಷ್ಟೇ ನಿಜ. ರಮಾಬಾಯಿಯವರು ಉಳಿದವರನ್ನು ಕಟ್ಟಿಕೊಂಡು ಪಾಠವನ್ನು ಮುಂದುವರಿಸಿದರು.

ಇನ್ನು ಮೂರು ವರ್ಷಗಳಲ್ಲಿ ಮಧ್ಯಪ್ರಾಂತಗಳಲ್ಲಿ ಕ್ಷಾಮ ಕಾಣಿಸಿಕೊಂಡಿತು. ನಮ್ಮ ಲೇಖನದ ತಿರುಳೆಲ್ಲ ಇಲ್ಲಿದೆ. ೧೮೯೬ರಲ್ಲಿ ಆ ಸುದ್ದಿ ಕೇಳಿದಾಗ ರಮಾಬಾಯಿಯವರಿಗೆ ಇಪ್ಪತ್ತು ವರ್ಷಗಳ ಹಿಂದಿನ ತಮ್ಮ ಹಸಿವು ನೆನಪಿಗೆ ಬಂದಿತು. ಹಸಿದ ಹೆಣ್ಣು ಯಾವ ಯಾವ ಅಪಾಯಕ್ಕೆ ಈಡಾಗುವಳು, ಮಾನವಂತರು ಹೇಗೆ ಬೇಡಲಾರದೆ ಸಾಯುವರು ಎಂಬುದನ್ನು ಆಕೆಗೆ ಯಾರೂ ಹೇಳಬೇಕಾಗಿರಲಿಲ್ಲ. ಕೂಡಲೇ ಹೊರಟುಹೋಗಿ, ಮರಗಳ ಕೆಳಗೂ ಗಂಜಿ ಕೇಂದ್ರಗಳಲ್ಲೂ ಬಿದ್ದಿದ್ದ ಹುಡುಗಿಯರನ್ನೂ ವಿಧವೆಯರನ್ನೂ ಎತ್ತಿ ತಂದರು. ಅವರ ಸಂಖ್ಯೆ ಸುಮಾರು ಮುನ್ನೂರಕ್ಕೆ ಏರಿತು. ಪ್ಲೇಗಿನ ಕಟ್ಟುಪಾಡುಗಳಿಂದ ಪುಣೆಯಲ್ಲಿ ಅವರನ್ನು ಇಡಲಾಗದೆ ಹೋದಾಗ, ಕೇಡಗಾಂವದಲ್ಲಿ ಕೊಂಡಿದ್ದ ಹೊಲಕ್ಕೆ ಕರೆದೊಯ್ದರು. ಅಲ್ಲಿ ಬೆಳೆದುದೇ ‘ಮುಕ್ತಿ’ ಎಂಬ ಆಶ್ರಮ. ೧೯೦೦ರ ಗುಜರಾತಿನ ಕ್ಷಾಮದಲ್ಲಿ ಮತ್ತೆ ಬಂದವರು ಸೇರಿ, ಅಲ್ಲಿಯ ಜನ ಸಾವಿರವನ್ನು ಮೀರಿತು. ಅವರು ನೇಯ್ದರು, ಹೊಲ ಮಾಡಿದರು, ಅಚ್ಚಿನ ಮೊಳೆ ಜೋಡಿಸಿದರು. ಕುರುಡಿಯರು ಉಬ್ಬುಚುಕ್ಕೆಗಳ ಅಕ್ಷರವನ್ನು ಬೆರಳಿನಿಂದ ಓದಿದರು. ಮುಕ್ತಿಯು ಇಂದಿಗೂ ಕೇಡಗಾಂವದಲ್ಲಿ ನಡೆಯುತ್ತಿದೆ.

ಹಾಗಾದರೆ ೧೮೭೪ರ ಕ್ಷಾಮವು ಒಳ್ಳೆಯದಾಯಿತೆ? ದೇವರು ಒಬ್ಬ ಹುಡುಗಿಗೆ ಪಾಠ ಕಲಿಸುವುದಕ್ಕಾಗಿ ಆಕೆಯ ತಂದೆತಾಯಿಗಳನ್ನು ಹಸಿವಿನಿಂದ ಸಾಯಿಸಿದನೆ? ಹೀಗೆ ಹೇಳುವ ಧೈರ್ಯ ನಮಗಿಲ್ಲ, ಯಾರಿಗೂ ಇರಬಾರದು. ಕ್ಷಾಮವು ಕ್ಷಾಮವೇ, ಸಾವು ಸಾವೇ. ಇಲ್ಲಿ ಕಾಣತಕ್ಕದ್ದು ಬೇರೆ. ಅದೇ ಹಸಿವು ಮತ್ತೊಬ್ಬರ ಎದೆಯಲ್ಲಿ ಕಹಿಯಾಗಿ ಹೆಪ್ಪುಗಟ್ಟಬಹುದಾಗಿತ್ತು, ಅಥವಾ ಎಂದೆಂದಿಗೂ ಭಯವಾಗಿ ಉಳಿಯಬಹುದಾಗಿತ್ತು. ಈಕೆಯಲ್ಲಿ ಅದು ಸಾಮರ್ಥ್ಯವಾಯಿತು. ಶಕ್ ಧಾತುವಿನ ಮೂಲಾರ್ಥಕ್ಕೆ ತಿರುಗಿತು. ತಾಯಿಯ ಶವವನ್ನು ತಲೆಯ ಮೇಲೆ ಹೊತ್ತ ಬಾಲೆಗೆ, ಯಾರೂ ಎತ್ತದ ಹುಡುಗಿಯರನ್ನು ಎತ್ತುವುದು ತಿಳಿದಿತ್ತು. ತನ್ನ ಕೈ ಬಿಡದೆ ಒಬ್ಬ ತಂದೆಯು ಗರಡಿಯಲ್ಲಿ ಜೊತೆಗೆ ನಿಂತಿದ್ದನೆಂದು ಆಕೆ ನಂಬಿದರು. ಮರಣಶಯ್ಯೆಯಲ್ಲಿ ಹೆತ್ತ ತಂದೆಯು ತನ್ನನ್ನು ಒಪ್ಪಿಸಿಹೋದ ಕೈ ಆ ತಂದೆಯದೇ ಎಂದು ತಿಳಿದರು.

ಇಲ್ಲಿ ವ್ಯಾಕರಣದ ಇನ್ನೊಂದು ವಿಷಯವನ್ನು ಹೇಳಲು ವಾಚಕರು ಅಪ್ಪಣೆ ಕೊಡಬೇಕು. ಸಂಸ್ಕೃತದಲ್ಲಿ ‘ನಾನು’ ಎಂಬುದಕ್ಕೆ ಉತ್ತಮ ಪುರುಷವೆಂದೂ, ‘ನೀನು’ ಎಂಬುದಕ್ಕೆ ಮಧ್ಯಮ ಪುರುಷವೆಂದೂ ಹೆಸರು. ‘ಈ ಕಷ್ಟವು ದೇವರ ಶಿಕ್ಷಣ’ ಎಂಬ ವಾಕ್ಯವನ್ನು ಉತ್ತಮ ಪುರುಷದಲ್ಲಿ ಮಾತ್ರ ಆಡಬೇಕು. ‘ಇದರಲ್ಲಿ ದೇವರು ನನ್ನನ್ನು ಪಳಗಿಸಿದನು’ ಎಂದು ನೊಂದವರು ತಾವೇ, ಬಹುಕಾಲದ ಮೇಲೆ, ಹೇಳಿದರೆ ಅದು ಸಾಕ್ಷ್ಯವಾಗುತ್ತದೆ. ‘ದೇವರು ನಿನ್ನನ್ನು ಪಳಗಿಸುತ್ತಿದ್ದಾನೆ’ ಎಂದು ನೆರೆಯವರು ಹೇಳಿದರೆ ಅದು ಕ್ರೌರ್ಯವಾಗುತ್ತದೆ. ಪೂರ್ವಜನ್ಮದ ಪಾಪವೆಂದು ವಿಧವೆಯನ್ನು ಮೂಲೆಗೆ ತಳ್ಳಿದ ಮಾತಿಗೂ ಇದಕ್ಕೂ ಹೆಸರಿನಲ್ಲಿ ಮಾತ್ರ ಭೇದ. ಬೈಬಲಿನಲ್ಲಿಯೇ ಯೋಬನೆಂಬ ನೀತಿವಂತನ ಕಥೆಯುಂಟು. ಸೊತ್ತನ್ನೂ ಮಕ್ಕಳನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತ ಅವನಲ್ಲಿಗೆ ಮೂವರು ಗೆಳೆಯರು ಬಂದರು. ಏಳು ದಿನ ಅವರು ಮಾತನಾಡದೆ ಅವನೊಡನೆ ನೆಲದ ಮೇಲೆ ಕುಳಿತಿದ್ದರು. ಆ ಮೇಲೆ ಬಾಯಿ ತೆರೆದು, ‘ನಿನ್ನಲ್ಲಿ ದೋಷವಿಲ್ಲದೆ ಹೀಗಾಗುವುದೆ?’ ಎಂದು ವಾದಕ್ಕೆ ನಿಂತರು. ಕಡೆಯಲ್ಲಿ ದೇವರ ಕೋಪವು ಆ ಪಂಡಿತರ ಮೇಲೆ ತಿರುಗಿತೇ ಹೊರತು ಗೋಳಿಟ್ಟ ಯೋಬನ ಮೇಲಲ್ಲ. ಮೌನದ ಏಳು ದಿನಗಳೇ ಅವರ ಸ್ನೇಹದ ಉತ್ತಮ ಭಾಗವೆಂದು ನಮಗೆ ತೋರುತ್ತದೆ.

ರಮಾಬಾಯಿಯವರು ಕ್ಷಾಮಪೀಡಿತರ ನಡುವೆ ನಿಂತು ಹಸಿವಿನ ತತ್ತ್ವಾರ್ಥವನ್ನು ಮೊದಲು ವ್ಯಾಖ್ಯಾನಿಸಲಿಲ್ಲ. ಅನ್ನವನ್ನೂ ಬಟ್ಟೆಯನ್ನೂ ಕೊಟ್ಟರು. ತನ್ನ ಕಷ್ಟವನ್ನು ಶಿಕ್ಷಣವೆಂದು ತಿಳಿಯುವುದು, ಪರರ ಕಷ್ಟವನ್ನು ತನಗೆ ಬಂದ ಕರೆಯೆಂದು ತಿಳಿಯುವುದು: ಈ ಎರಡೂ ಕೂಡಿದಲ್ಲಿ ತಾಳ್ಮೆಯು ಧರ್ಮವಾಗುತ್ತದೆ. ಇವು ಬೇರೆಯಾದಲ್ಲಿ ಅದು ಜಡತ್ವವಾದೀತು, ಇಲ್ಲವೆ ಕಠೋರತೆಯಾದೀತು. ‘ತಾಳಿದವನು ಬಾಳಿಯಾನು’ ಎಂಬ ನಮ್ಮ ಗಾದೆಯನ್ನು ಸೊಸೆಗೆ ಅತ್ತೆಯೂ ಆಳಿಗೆ ಒಡೆಯನೂ ಹೇಳುವುದುಂಟು. ತನಗೆ ತಾನೇ ಹೇಳಿಕೊಂಡಾಗ ಮಾತ್ರ ಅದು ಬೆಲೆಯುಳ್ಳ ಗಾದೆ.

ಆಕೆಯ ಮುಪ್ಪಿನ ಕೆಲಸವನ್ನು ಹೇಳಿ ಮುಗಿಸುತ್ತೇವೆ. ಮುಕ್ತಿಯ ಹೆಂಗಸರಿಗೆ ಬೈಬಲಿನ ಮರಾಠಿಯು ಕಠಿನವಾಗಿ ಕಂಡಿತು. ಆದುದರಿಂದ ನಡುವಯಸ್ಸು ದಾಟಿದ ಮೇಲೆ ರಮಾಬಾಯಿಯವರು ಇಬ್ರಿಯ, ಗ್ರೀಕ್ ಭಾಷೆಗಳನ್ನು ಕಲಿತು, ಸಮಗ್ರ ಗ್ರಂಥವನ್ನೂ ತಾವೇ ಭಾಷಾಂತರಿಸಲು ಕುಳಿತರು. ಪಂಡಿತಾ ಎಂಬ ಬಿರುದನ್ನು ಸಂಸ್ಕೃತದಿಂದ ಪಡೆದಾಕೆ, ಸಂಸ್ಕೃತ ಶಬ್ದಗಳನ್ನು ಬೇಕೆಂದೇ ದೂರವಿಟ್ಟು, ಹಳ್ಳಿಯ ಹುಡುಗಿಗೆ ತಿಳಿಯುವ ಮಾತುಗಳನ್ನು ಹುಡುಕಿದರು. ವಿದ್ಯೆಯಲ್ಲಿ ಇದಕ್ಕಿಂತ ದೊಡ್ಡ ತ್ಯಾಗವನ್ನು ನಾವು ಹೆಚ್ಚಾಗಿ ಕಂಡಿಲ್ಲ. ಮಗಳು ಮನೋರಮಾಬಾಯಿ ತಾಯಿಗೆ ಬಲಗೈಯಾಗಿದ್ದರು. ೧೯೧೨ರಲ್ಲಿ ಗುಲ್ಬರ್ಗದಲ್ಲಿ, ಅಂದರೆ ನಮ್ಮ ಇಂದಿನ ಕಲಬುರಗಿಯಲ್ಲಿ, ತೆರೆದ ಕ್ರೈಸ್ತ ಪ್ರೌಢಶಾಲೆಯ ಮುಖ್ಯಸ್ಥೆಯೂ ಆಗಿದ್ದರು. ತನ್ನ ತರುವಾಯ ಎಲ್ಲವನ್ನೂ ಇವಳು ನಡೆಸುವಳೆಂದು ತಾಯಿ ನೆಮ್ಮದಿಯಿಂದಿದ್ದರು. ೧೯೨೧ನೆಯ ಜುಲೈ ತಿಂಗಳಿನಲ್ಲಿ ಆ ಮಗಳೂ, ನಾಲ್ವತ್ತರ ವಯಸ್ಸಿನಲ್ಲಿ, ತಾಯಿಗಿಂತ ಮುಂಚೆ ಹೊರಟುಹೋದರು.

ಅರವತ್ತಮೂರು ವರ್ಷದ, ಕಿವಿ ಕೇಳದ ವೃದ್ಧೆಗೆ ಉಳಿದುದೇನು? ಮೇಜಿನ ಮೇಲಿನ ಕರಡುಪ್ರತಿಗಳು ಉಳಿದಿದ್ದವು. ಆಕೆ ಅವನ್ನು ತಿದ್ದುತ್ತ ಹೋದರು. ೧೯೨೨ನೆಯ ಏಪ್ರಿಲ್ ೫ರಂದು ಆಕೆ ಕಣ್ಣುಮುಚ್ಚುವ ಹೊತ್ತಿಗೆ ಭಾಷಾಂತರವು ಪೂರ್ತಿಯಾಗಿತ್ತು. ಎರಡು ವರ್ಷಗಳ ಮೇಲೆ, ಮುಕ್ತಿಯ ಹೆಂಗಸರೇ ನಡೆಸುತ್ತಿದ್ದ ಮುದ್ರಣಾಲಯದಿಂದ ಅದು ಸಂಪೂರ್ಣವಾಗಿ ಹೊರಬಂದಿತು.

ಕಷ್ಟದಲ್ಲಿರುವ ಸೋದರ ಸೋದರಿಯರು ಯಾರಾದರೂ ಇದನ್ನು ಓದುತ್ತಿದ್ದರೆ, ಅವರ ಕಷ್ಟದ ಅರ್ಥವನ್ನು ತಿಳಿಸಲು ನಾವು ಹೊರಡುವುದಿಲ್ಲ; ಮೇಲೆ ಹೇಳಿದ ಕಾರಣದಿಂದ ಅದು ನಮ್ಮ ಅಧಿಕಾರವಲ್ಲ. ಒಂದನ್ನು ಮಾತ್ರ ಬಿನ್ನವಿಸುತ್ತೇವೆ. ಅರ್ಥವು ತಿಳಿಯುವವರೆಗೂ ಕಾದು ಕುಳಿತಿರಬೇಕಾಗಿಲ್ಲ. ಅಳುವುದಿದ್ದರೆ ಅಳಬಹುದು; ಯೋಬನೂ ಅತ್ತನು. ಅಳುತ್ತಲೇ ಈ ದಿನದ ಕರಡನ್ನು ಈ ದಿನ ತಿದ್ದಬಹುದು, ಒಲೆ ಹೊತ್ತಿಸಬಹುದು, ಮಗುವಿಗೆ ಪಾಠ ಹೇಳಬಹುದು, ಹಸಿದು ಬಂದವರಿಗೆ ಒಂದು ತುತ್ತನ್ನು ಇಡಬಹುದು. ಗರಡಿಯಲ್ಲಿರುವವನಿಗೆ ತನ್ನ ತೋಳು ಬಲಿಯುವುದು ಕಾಣಿಸುವುದಿಲ್ಲ. ಮುಂದೊಂದು ದಿನ, ಬಿದ್ದಿರುವ ಮತ್ತೊಬ್ಬರನ್ನು ಎತ್ತಬೇಕಾಗಿ ಬಂದಾಗ, ಆ ಬಲವು ಎಲ್ಲಿಂದ ಬಂತೆಂಬುದು ಅವನಿಗೇ ತಿಳಿಯುತ್ತದೆ.